ನಿಲ್ಲದ ವ್ಯಾನು ಮತ್ತು ತಿಮ್ಮಪ್ಪನ ಮುಡಿಪು

ನಮ್ಮವರಿಗೆ ಗೊತ್ತಿಲ್ಲದ ವಿಷಯ ಈ ಲೋಕದಲ್ಲಿ ಒಂದೂ ಇರಲಿಲ್ಲ. ಗೊತ್ತಿದ್ದ ವಿಷಯಗಳು ಮಾತ್ರ ಸ್ವಲ್ಪ ಕಡಿಮೆ. ಈ ಕೊರತೆ ಹೊರಗೆ ಕಾಣಬಾರದೆಂದು ಅವರು ಮದರಾಸಿಗೆ ಬಂದ ಹೊಸತರಲ್ಲೇ ಒಂದು ತಮಿಳು ಮಾತು ಕಲಿತಿಟ್ಟುಕೊಂಡಿದ್ದರು: "ತೆರಿಯುಂ, ತೆರಿಯುಂ." ಗೊತ್ತು, ಗೊತ್ತು ಎಂದು ಅರ್ಥ. ಡಾಕ್ಟರು "ಈ ಔಷಧಿಯನ್ನು ಮೈಗೆ..." ಎಂದು ಶುರುಮಾಡುವಷ್ಟರಲ್ಲಿ ನಮ್ಮವರು "ತೆರಿಯುಂ" ಎಂದು ಎದ್ದು ಬಂದು ಅದನ್ನು ಕುಡಿದವರು. ಕುಡಿದು ಬದುಕಿದ್ದರಿಂದ ಅವರಿಗೆ ಆ ಮಾತಿನ ಮೇಲೆ ನಂಬಿಕೆ ಇನ್ನೂ ಹೆಚ್ಚಾಯಿತು.

ಟಿ. ನಗರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಸೋದರಮಾವ ಹರಿಹರ ರಾಯರ ಹೋಟೆಲು. ನಮ್ಮವರು, ಅಂದರೆ ನನ್ನ ಗಂಡ ಸದಾನಂದ ರಾಯರು, ಅಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ನಾವಿಬ್ಬರೂ ಇದ್ದದ್ದು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ. ಪಕ್ಕದ ಕೋಣೆ ಮಾವನ ಹೆಂಡತಿ ಚಂದ್ರಮತಿ ಅತ್ತೆಯದು. ನಡುವೆ ಇದ್ದದ್ದು ಒಂದು ಹಲಗೆ. ನಾನು ಇಲ್ಲಿ ಸೀನಿದರೆ ಅತ್ತೆ ಅಲ್ಲಿಂದ "ಶುಂಠಿ ಕಷಾಯ ಕುಡಿ ತುಂಗಾ" ಎನ್ನುತ್ತಿದ್ದರು. ನಾವು ಪಿಸುಮಾತಾಡಿದರೆ "ಎಂತ ಹೇಳಿದ್ದು? ಸರಿ ಕೇಳ್ಲಿಲ್ಲ" ಎನ್ನುತ್ತಿದ್ದರು. ಮದುವೆಯಾಗಿ ಬಂದ ಮೇಲೆ ನಾನು ಗಂಡನ ಜೊತೆ ಆಡಿದ ಎಲ್ಲ ಮಾತಿಗೂ ಅತ್ತೆಯ ಉತ್ತರವೇ ಮೊದಲು ಬಂದಿದೆ.

ಅದು ಗಿಂಡಿಯಲ್ಲಿ ಹೊಸ ಹೊಸ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಲ್ಲಿಯ ಒಂದು ಕಾರ್ಖಾನೆಯವರು ತಮ್ಮ ಕ್ಯಾಂಟೀನಿಗೆ ದಿನಾ ಮಧ್ಯಾಹ್ನದ ಊಟ ತಂದುಕೊಡುವ ಹೋಟೆಲು ಬೇಕೆಂದು ಹುಡುಕುತ್ತಿದ್ದರು. ಮಾವ ಮುಂದೆ ಬಿದ್ದರು. ಕ್ಯಾಂಟೀನ್ ಸಿಕ್ಕಿದರೆ ಅದರ ಮ್ಯಾನೇಜರು ನಮ್ಮವರೇ. ಜೊತೆಗೆ ಸೈದಾಪೇಟೆಯಲ್ಲಿ ಒಂದು ಪುಟ್ಟ ಬಾಡಿಗೆ ಮನೆ. ಆ ಮನೆಗೆ ಇಟ್ಟಿಗೆಯ ಗೋಡೆಗಳಿವೆಯೆಂದು ನಮ್ಮವರು ನನಗೆ ಹೇಳಿದ ದಿನ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಊಟ ಸಾಗಿಸಲು ವ್ಯಾನು ಬೇಕಲ್ಲ. ಮಾವ ಒಂದು ಹಳೆಯ ಪಿಕಪ್ ವ್ಯಾನು ಕೊಂಡರು. ಮುಂದೆ ಮೂವರು ಉಸಿರು ಹಿಡಿದು ಕೂರಬಹುದಾದ ಸೀಟು, ಹಿಂದೆ ಪಾತ್ರೆಗಳಿಗೆ ತೆರೆದ ತೊಟ್ಟಿ. ಅದಕ್ಕೆ ಯಾರೋ ಡೀಸೆಲ್ ಎಂಜಿನ್ ಕೂರಿಸಿದ್ದರು.

"ಪೆರಂಬೂರಿನ ಐತಪ್ಪನನ್ನು ಡ್ರೈವರ್ ಇಟ್ಕೊಳ್ಳುವ. ಅವ ಲಾರಿ ಬಿಟ್ಟವ. ಬೇಕಾದ್ರೆ ಕ್ಯಾಂಟೀನನ್ನೂ ಅವನೇ ನೋಡಿಕೊಳ್ತಾನೆ" ಎಂದರು ಮಾವ.

ನಮ್ಮವರ ಮುಖ ಬಾಡಿತು. "ಡ್ರೈವರ್ ಯಾಕೆ ಮಾವ? ನಾನು ಉಡುಪಿಯಲ್ಲಿ ವಕೀಲರ ಕಾರು ಬಿಟ್ಟವನಲ್ವಾ? ಲೈಸೆನ್ಸು ಉಂಟು. ವ್ಯಾನಿನದ್ದು ಎಲ್ಲ ನಂಗೆ ಗೊತ್ತುಂಟು."

"ಸರಿ ಮಾರಾಯ. ಆದರೆ ಒಂದು ಸಲ ನಿನ್ನಿಂದ ಆಗುದಿಲ್ಲ ಅಂತ ಕಂಡರೆ, ಐತಪ್ಪನೇ."

ವ್ಯಾನು ಬಿಟ್ಟುಹೋಗಲು ಬಂದ ದಳ್ಳಾಳಿ ಒಳ್ಳೆಯ ಮನುಷ್ಯ. ಹೊರಡುವ ಮುಂಚೆ ಕೈಕಟ್ಟಿ ನಿಂತು, "ಇದು ಡೀಸಲ್ ವಂಡಿ ಸಾರ್. ಪೆಟ್ರೋಲ್ ಕಾರ್ ಮಾದಿರಿ ಇಲ್ಲೆ. ಇದೆ ನಿಪ್ಪಾಟ್ರದುಕ್ಕು..." ಎಂದು, ಇದು ಪೆಟ್ರೋಲ್ ಕಾರಿನ ಹಾಗಲ್ಲವೆಂದು ತಿಳಿಸಿ, ನಿಲ್ಲಿಸುವ ಕ್ರಮ ಹೇಳಲು ಬಾಯಿ ತೆರೆದ.

ಮಾವ ಪಕ್ಕದಲ್ಲೇ ನಿಂತಿದ್ದರು. "ತೆರಿಯುಂ, ತೆರಿಯುಂ!" ಎಂದರು ನಮ್ಮವರು.

ದಳ್ಳಾಳಿ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದ. ಹೋಗುವ ಜ್ಞಾನವನ್ನು ಕೈಯಡ್ಡ ಹಿಡಿದು ತಡೆಯುವುದು ನಮ್ಮವರ ಜಾಯಮಾನವಲ್ಲ.

ಗುರುವಾರ ಬೆಳಿಗ್ಗೆ ವ್ಯಾನಿಗೆ ಪೂಜೆ. ಮರುದಿನ ಶುಕ್ರವಾರವೇ ಗಿಂಡಿಯಲ್ಲಿ ಪರೀಕ್ಷೆಯ ಊಟ. ಕ್ಯಾಂಟೀನ್ ಆಫೀಸರು ಉಂಡು ನೋಡಿ ಹೂಂ ಎನ್ನಬೇಕು. ವ್ಯಾನಿಗೆ ಅರಿಸಿನ ಕುಂಕುಮ ಹಚ್ಚಿದೆವು, ಸೇವಂತಿಗೆ ಮಾಲೆ ಹಾಕಿದೆವು, ಬೂದುಗುಂಬಳ ಒಡೆದೆವು. ಆಮೇಲೆ ಅತ್ತೆ ಮಡಿಯುಟ್ಟು ಒಳಗಿಂದ ತಿಮ್ಮಪ್ಪನ ಮುಡಿಪು ತಂದರು. ಅರಿಸಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿದ ಗಂಟು ಅದು. ಗಿಂಡಿ ಕ್ಯಾಂಟೀನ್ ಸಿಕ್ಕಿದರೆ ತಿರುಪತಿಗೆ ಬಂದು ಒಪ್ಪಿಸುತ್ತೇನೆಂದು ಹೊತ್ತ ಹರಕೆ.

ಕಟ್ಟಲು ಜಾಗ ಬೇಕಲ್ಲ. ಅತ್ತೆ ವ್ಯಾನಿನೊಳಗೆ ಬಗ್ಗಿ ಹುಡುಕಿದರು. ಸ್ಟೇರಿಂಗಿನ ಪಕ್ಕಕ್ಕೆ, ಕೆಳಗೆ, ಒಂದು ಕರಿಯ ಹಿಡಿ ಹೊರಗೆ ಚಾಚಿಕೊಂಡಿತ್ತು. ಯಾವುದಕ್ಕೂ ಬೇಡದ್ದು ಅನ್ನುವ ಹಾಗೆ ಸುಮ್ಮನೆ ಇತ್ತು.

"ನೋಡು ಮಾಣಿ, ಮುಡಿಪು ಕಟ್ಟಲಿಕ್ಕೆ ಅಂತಲೇ ಇಟ್ಟಿದ್ದಾರೆ" ಎಂದು ಅದಕ್ಕೆ ಮೂರು ಸುತ್ತು ಸುತ್ತಿ, ನೆಂಟರ ಮನೆಗೆ ಹೋಗುವ ಉಪ್ಪಿನಕಾಯಿ ಭರಣಿಯ ಬಾಯಿಗೆ ಹಾಕುವಂಥ ಗಂಟು ಹಾಕಿದರು. "ಇನ್ನು ತಿರುಪತಿಗೆ ಮುಟ್ಟುವ ತನಕ ಇದಕ್ಕೆ ಯಾರೂ ಕೈ ಹಾಕುವ ಹಾಗಿಲ್ಲ. ಹಾಕಿದರೆ ಒಳ್ಳೆದಾಗುದಿಲ್ಲ, ಹೇಳಿದ್ದೇನೆ."

ನಮ್ಮವರು ಕೈಮುಗಿದು ಹತ್ತಿ ವ್ಯಾನು ಹೊರಡಿಸಿದರು. ಚಕ್ರದಡಿಯ ನಿಂಬೆಹಣ್ಣು ಪಿಚಕ್ಕೆಂದಿತು. ಬೀದಿ ಸುತ್ತಿ ಬಂದು ಹೋಟೆಲಿನ ಮುಂದೆ ನಿಲ್ಲಿಸಿ, ಬೀಗದ ಕೈ ತಿರುಗಿಸಿ, ಹೊರಗೆ ತೆಗೆದು, ಬೆರಳಿಗೆ ಸಿಕ್ಕಿಸಿಕೊಂಡು, ದೊಡ್ಡ ಮನುಷ್ಯರು ಇಳಿಯುವ ಹಾಗೆ ಇಳಿದರು.

ವ್ಯಾನು ದಡದಡದಡ ಎನ್ನುತ್ತಲೇ ಇತ್ತು.

ನಮ್ಮವರು ಬೀಗದ ಕೈ ನೋಡಿದರು. ವ್ಯಾನು ನೋಡಿದರು. ಮತ್ತೆ ಹತ್ತಿ, ಕೈ ಹಾಕಿ, ಅತ್ತ ತಿರುಗಿಸಿ, ಇತ್ತ ತಿರುಗಿಸಿ, ತೆಗೆದರು. ದಡದಡದಡ.

"ಎಂತ ಮಾರಾಯ, ಆರಿಸುದಿಲ್ವಾ?" ಎಂದರು ಮಾವ.

"ಇಲ್ಲ ಮಾವ." ನಮ್ಮವರ ಹಣೆಯಲ್ಲಿ ಬೆವರಿದ್ದರೂ ಸ್ವರದಲ್ಲಿ ಇರಲಿಲ್ಲ. "ಡೀಸೆಲ್ ಅಂದರೆ ನಮ್ಮ ಕಾಫಿ ಬಾಯ್ಲರ್ ಇದ್ದ ಹಾಗೆ. ಬೆಳಿಗ್ಗೆ ಹೊತ್ತಿಸಿದ್ದನ್ನು ಪದೇ ಪದೇ ಆರಿಸಿ ಹೊತ್ತಿಸಿದರೆ ಕೆಡ್ತದೆ. ಸಣ್ಣ ಉರಿಯಲ್ಲಿ ಇಟ್ಟಿರಬೇಕು."

ಮಾವ ಹೋಟೆಲಿನವರು. ಬೇರೆ ಏನು ಹೇಳಿದ್ದರೂ ಸಂಶಯಪಡುತ್ತಿದ್ದರು. ಬಾಯ್ಲರ್ ಎಂದ ಮೇಲೆ ಮರುಮಾತಿಲ್ಲ. "ಹೌದು, ಅದು ಸರಿ" ಎಂದು ತಲೆಯಾಡಿಸಿ ಒಳಗೆ ಹೋದರು.

ನಮ್ಮವರು ನನ್ನನ್ನು ತೆಂಗಿನಕಾಯಿ ರಾಶಿಯ ಹಿಂದೆ ಕರೆದರು. ಎಂಜಿನ್ನಿನ ಸದ್ದಿನಲ್ಲಿ, ಮದುವೆಯಾದಂದಿನಿಂದ ಮೊದಲ ಸಲ, ನಮ್ಮ ಪಿಸುಮಾತು ಅತ್ತೆಗೆ ಕೇಳದಂತಾಗಿತ್ತು.

"ತುಂಗಾ, ಇದು ನಿಲ್ಲುದಿಲ್ಲ."

"ನಿಲ್ಲಿಸಲಿಕ್ಕೆ ನಿಮಗೆ ಗೊತ್ತಿಲ್ವಾ?"

"ಗೊತ್ತುಂಟು. ಆದರೆ ನಿಲ್ಲುದಿಲ್ಲ."

"ಯಾರನ್ನಾದರೂ ಕೇಳಿ."

"ಕೇಳಿದರೆ ಮಾವನಿಗೆ ಗೊತ್ತಾಗ್ತದೆ. ಐತಪ್ಪ ಬರ್ತಾನೆ. ಗಿಂಡಿ ಹೋಯ್ತು, ಸೈದಾಪೇಟೆ ಹೋಯ್ತು, ನಾವು ಈ ಹಲಗೆಯ ಪಕ್ಕದಲ್ಲೇ ಮುದುಕರಾದ ಹಾಗೆ. ನಾಳೆ ಆಫೀಸರು ಹೂಂ ಅನ್ನುವ ತನಕ ಓಡಲಿ. ಆಮೇಲೆ ಮೆಲ್ಲ ದಳ್ಳಾಳಿಯನ್ನು ಹುಡುಕ್ತೇನೆ."

ಇಟ್ಟಿಗೆಯ ಗೋಡೆಗಳು ನನ್ನ ಕಣ್ಣ ಮುಂದೆ ಬಂದು ನಿಂತವು. ಓಡಲಿ ಬಿಡಿ ಎಂದೆ.

ಹೀಗೆ ನಮ್ಮವರು ಡೀಸೆಲ್ ಎಂಜಿನ್ನನ್ನು ನಿಲ್ಲಿಸದೆ ಕಾಪಾಡುವ ಶಾಸ್ತ್ರಕ್ಕೆ ಕೈ ಹಾಕಿದರು. ಮೊದಲು ವ್ಯಾನನ್ನು ಬಿಸಿಲಿಗೆ ಬೇಡವೆಂದು ಸೌದೆ ಇಡುವ ತಗಡಿನ ಕೊಟ್ಟಿಗೆಯೊಳಗೆ ತಂದರು. ಸ್ವಲ್ಪ ಹೊತ್ತಿನಲ್ಲಿ ಕೊಟ್ಟಿಗೆಯ ತುಂಬ ಹೊಗೆ. ಅದು ಅಡುಗೆಮನೆಗೂ ನುಗ್ಗಿ, ಅಡುಗೆಯವರೆಲ್ಲ ಸೌಟು ಹಿಡಿದುಕೊಂಡೇ ಕೆಮ್ಮುತ್ತ ಬೀದಿಗೆ ಬಂದರು. ಸಾಂಬಾರಿನವನು ಅಲ್ಲೇ ಕೂತು, ತನ್ನ ಊರು ಯಾವುದೆಂದು ಕೇಳಿದರೆ ಹೇಳಲಾರದೆ ಕಣ್ಣು ಬಿಟ್ಟ. ಅವನಿಗೆ ಮಜ್ಜಿಗೆ ಕುಡಿಸಿ, ಗಾಳಿ ಹಾಕಿ ಊರು ನೆನಪು ಮಾಡಿಸಿದೆವು. ಓಡುವ ಎಂಜಿನ್ನನ್ನು ಮುಚ್ಚಿದ ಜಾಗದಲ್ಲಿ ಇಡಬಾರದು ಎಂಬ ಮೊದಲ ಸೂತ್ರ ಸಿದ್ಧವಾಯಿತು. "ನಂಗೆ ಮೊದಲೇ ಗೊತ್ತಿತ್ತು, ಪರೀಕ್ಷೆ ಮಾಡಿದ್ದು" ಎಂದರು ನಮ್ಮವರು.

ವ್ಯಾನು ಮತ್ತೆ ಬೀದಿಗೆ ಬಂತು. ಅಲ್ಲಿ ಅದು ನಡುಗುತ್ತ ನಡುಗುತ್ತ ಮೆಲ್ಲಗೆ ಇಳಿಜಾರಿನ ಕಡೆಗೆ, ವೀಳ್ಯದೆಲೆ ಅಂಗಡಿಯ ಮೇಲೆ ಮನಸ್ಸಿಟ್ಟಂತೆ, ಸರಿಯತೊಡಗಿತು. ಚಕ್ರಗಳಿಗೆ ಅಡ್ಡ ಇಡಲು ಕಲ್ಲು ಬೇಕಾಯಿತು. ಬೀದಿಯಲ್ಲಿ ಕಲ್ಲೆಲ್ಲಿ? ಹೋಟೆಲಿನಲ್ಲಿತ್ತು. ಇಡ್ಲಿ ಹಿಟ್ಟು ರುಬ್ಬುವ ಒರಳುಗಳ ಗುಂಡುಕಲ್ಲುಗಳನ್ನು ಹೊರಿಸಿ ತಂದು ನಾಲ್ಕು ಚಕ್ರಕ್ಕೂ ಕೊಟ್ಟರು. ವ್ಯಾನು ನಿಂತಿತು, ರುಬ್ಬುವುದೂ ನಿಂತಿತು. ಅಂದು ಸಂಜೆಯಿಂದ ನಮ್ಮ ಹೋಟೆಲಿನಲ್ಲಿ ಇಡ್ಲಿ ಕೇಳಿದವರಿಗೂ ಉಪ್ಪಿಟ್ಟು, ದೋಸೆ ಕೇಳಿದವರಿಗೂ ಉಪ್ಪಿಟ್ಟು.

ನೀರಿನ ವಿಷಯದಲ್ಲಿ ಮಾತ್ರ ನಮ್ಮವರನ್ನು ಹೊಗಳಲೇಬೇಕು. ಎಂಜಿನ್ನಿನ ಮುಂದಿನ ನೀರಿನ ಮುಚ್ಚಳವನ್ನು ಮಾವ ತೆಗೆಯಹೋದಾಗ ಓಡಿಬಂದು ಕೈ ಹಿಡಿದರು. "ಬೇಡ ಮಾವ! ಇಡ್ಲಿ ಹಬೆ ಏರಿದಾಗ ಮುಚ್ಚಳ ತೆಗೆದರೆ ಎಂತ ಆಗ್ತದೆ?" ಮಾವನ ಎಡಗೈಯಲ್ಲಿ ಹಳೆಯ ಸುಟ್ಟ ಕಲೆಯಿತ್ತು. ಅವರು ಹಿಂದೆ ಸರಿದರು. ಆ ದಿನ ನಮ್ಮವರು ಆಡಿದ ಮಾತುಗಳಲ್ಲಿ ನಿಜವಾಗಿ ಅವರಿಗೆ ಗೊತ್ತಿದ್ದದ್ದು ಅದೊಂದೇ.

ಮಧ್ಯಾಹ್ನ ಎದುರುಮನೆಯ ಗೋದಾಬಾಯಿ ಇಳಿದು ಬಂದರು. ಮದರಾಸಿನಲ್ಲಿ ಮೂರು ತಲೆಮಾರು ಕಂಡ ಮನೆತನದವರು. ಅವರ ಮುಂದೆ ನಾವೆಲ್ಲ ನಿನ್ನೆ ಬಂದವರು. ಕೈಯಲ್ಲಿ ಸಂಡಿಗೆಯ ತಟ್ಟೆ. ಬಿಳಿ ಸಂಡಿಗೆಗಳೆಲ್ಲ ಕರಿಯಾಗಿದ್ದವು.

"ಏನಮ್ಮಾ ತುಂಗಾ ಇದು ಅನ್ಯಾಯ? ಮಹಡೀಲಿ ಒಣಗ ಹಾಕಿದ್ದ ಸಂಡಿಗೆ ನೋಡು, ಕಾಗೆ ಮರಿ ಮಾದಿರಿ ಆಗಿದೆ! ನಿಮ್ಮನೆಯವ್ರಿಗೆ ಆ ವಂಡಿ ಚುಮ್ಮಾ ನಿಲ್ಸೋಕೆ ಏನು ಕಷ್ಟ?"

ನಾನು ಬಾಯ್ಲರಿನ ಶಾಸ್ತ್ರ ಹೇಳಬೇಕೆನ್ನುವಷ್ಟರಲ್ಲಿ ಹಿಂದಿನಿಂದ ಅತ್ತೆ ಬಂದರು. ಅತ್ತೆಯ ಕಣ್ಣಲ್ಲಿ ಹೊಸ ಹೊಳಪಿತ್ತು. ಅವರಿಗೆ ಆಗಷ್ಟೇ ಒಂದು ಯೋಚನೆ ಬಂದಿತ್ತು, ಬಂದದ್ದು ಬಿಟ್ಟುಹೋಗುವ ಜಾತಿಯದಲ್ಲ.

"ಗೋದಾಬಾಯಿ, ಒಂದು ಮಾತು ಕೇಳಿ. ನಾನು ಮುಡಿಪು ಕಟ್ಟಿದೆ, ಇದು ಹೊರಟಿತು. ಅಷ್ಟರ ಮೇಲೆ ನಿಂತೇ ಇಲ್ಲ. ಬೀಗದ ಕೈ ತೆಗೆದು ಕಿಸೆಯಲ್ಲಿ ಇಟ್ಟುಕೊಂಡಿದ್ದಾನೆ ಮಾಣಿ. ಆದರೂ ಓಡ್ತಾ ಉಂಟು. ಎಂತ ಅರ್ಥ ಇದಕ್ಕೆ?"

ಗೋದಾಬಾಯಿ ವ್ಯಾನು ನೋಡಿದರು, ಅರಿಸಿನದ ಗಂಟು ನೋಡಿದರು. ತಟ್ಟೆ ಕೆಳಗಿಟ್ಟರು. "ಶ್ರೀನಿವಾಸಾ! ಹಂಗಾದ್ರೆ ಇದು ನಂದಾದೀಪ ಅಲ್ವೇನೇ ಚಂದ್ರಮತಿ? ನಂದಬಾರದು!"

ಸಂಜೆ ಅವರ ಮಗ ಮಧ್ವರಾಜ ಆಫೀಸಿನಿಂದ ಬಂದ. ಅವನು ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ರಜೆಯ ಅರ್ಜಿಗಳಿಗೆ ನಂಬರು ಹಾಕುವ ಗುಮಾಸ್ತ. ಎಂಜಿನ್ನು ಎಂದರೆ ಬೀದಿಯೆಲ್ಲ ಅವನನ್ನೇ ಕೇಳುವುದು. ಅವನು ವ್ಯಾನಿಗೆ ಒಂದು ಸುತ್ತು ಬಂದು, ಕನ್ನಡಕ ತೆಗೆದು ಒರೆಸಿ, "ಕರೆಕ್ಟ್. ನಮ್ಮ ಶೆಡ್ಡಲ್ಲೂ ಎಂಜಿನ್ ಬೆಂಕೀನ ಆರಿಸೋ ಪದ್ಧತಿ ಇಲ್ಲೆ. ಮೆಲ್ಲಗೆ ಉರೀತಾನೇ ಇರತ್ತೆ" ಎಂದ. ಅದು ಕಲ್ಲಿದ್ದಲಿನ ಎಂಜಿನ್ನು, ಇದು ಡೀಸೆಲಿನದು ಎಂಬ ಸಣ್ಣ ವಿಷಯ ಯಾರಿಗೂ ತೊಡಕೆನಿಸಲಿಲ್ಲ.

ಹೋಟೆಲು, ರೈಲ್ವೆ, ವೈಕುಂಠ ಮೂರೂ ಒಪ್ಪಿದ ಮೇಲೆ ಬೀದಿಗೆ ಬೇರೆ ಸಾಕ್ಷಿ ಬೇಕೆ? ಕತ್ತಲಾಗುವ ಮುಂಚೆ ಹೆಂಗಸರು ವ್ಯಾನಿಗೆ ಪ್ರದಕ್ಷಿಣೆ ಬರತೊಡಗಿದರು. ಗೋದಾಬಾಯಿ ಕರಿಯ ಸಂಡಿಗೆಯನ್ನು ಕರಿದು ಪ್ರಸಾದವೆಂದು ಹಂಚಿದರು. ತಿಂದವರು ಕಣ್ಣುಮುಚ್ಚಿಕೊಂಡರು, ಭಕ್ತಿಯಿಂದಲೇ ಇರಬೇಕು.

ಅಷ್ಟರಲ್ಲಿ ಬಂದ ಪೊಲೀಸು. ಕೆಂಪು ಟೋಪಿ ಸರಿಮಾಡಿಕೊಂಡು ಲಾಠಿಯಿಂದ ವ್ಯಾನಿನ ಬೆನ್ನಿಗೆ ತಟ್ಟಿ, "ಯಾರ್ ವಂಡಿ ಇದು? ಮೊದಲ್ಲ ನಿಪ್ಪಾಟುಯ್ಯಾ!" ಎಂದು, ಮೊದಲು ನಿಲ್ಲಿಸುವಂತೆ ಗದರಿದ.

ನಮ್ಮವರು ವ್ಯಾನಿನ ಹಿಂದಕ್ಕೆ ಸರಿದರು. ಅತ್ತೆ ಮುಂದೆ ಬಂದರು. ಅತ್ತೆಯ ತಮಿಳಿನಲ್ಲಿ ಕ್ರಿಯಾಪದಗಳು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. "ತಿರುಪತಿ! ಪೆರುಮಾಳ್! ಮುಡಿಪು!" ಎಂದು ಒಂದೊಂದಕ್ಕೂ ಬೆರಳು ತೋರಿಸಿ, ಕೊನೆಗೆ ಪೊಲೀಸಿನವನ ಎದೆಗೇ ಬೆರಳು ಮಾಡಿ, "ನೀ? ನಿಪ್ಪಾಟು?" ಎಂದರು.

ಪೊಲೀಸಿನವನು ಲಾಠಿ ಕಂಕುಳಲ್ಲಿಟ್ಟು ಚಪ್ಪಲಿ ಬಿಟ್ಟ. ಕುಂಕುಮ ಹಚ್ಚಿಸಿಕೊಂಡು, ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹೋಗುವಾಗ ಕರ್ತವ್ಯ ನೆನಪಾಗಿ ಒಂದು ಆಜ್ಞೆ ಮಾಡಿದ: ಓಡುವ ವ್ಯಾನನ್ನು ಒಂಟಿಯಾಗಿ ಬಿಡುವುದು ಅಪರಾಧ, ಯಾರಾದರೂ ಒಳಗೆ ಕೂತೇ ಇರಬೇಕು. ಇದು ಎರಡನೆಯ ಸೂತ್ರವಾಯಿತು. ಹಾಗೆ ಕೂರಬಲ್ಲವರು ಡೀಸೆಲ್ ಬಲ್ಲ ಸದಾನಂದ ರಾಯರೊಬ್ಬರೇ ಎಂದು ಬೀದಿ ಒಕ್ಕೊರಲಿನಿಂದ ತೀರ್ಮಾನಿಸಿತು.

ನಮ್ಮವರು ವ್ಯಾನಿನಲ್ಲೇ ಉಂಡರು. ಅಲ್ಲೇ ವೀಳ್ಯ ಹಾಕಿಕೊಂಡರು. ಅಲ್ಲೇ ಮಲಗಿದರು. ಹಲಗೆಯ ಆಚೆ ಅತ್ತೆ, ಈಚೆ ನಾನು, ಇಬ್ಬರೂ ಸುಖವಾಗಿ ನಿದ್ದೆ ಮಾಡಿದೆವು, ಬೀದಿ ಮಾಡಲಿಲ್ಲ. ಬೆಳಿಗ್ಗೆ ಕಾಫಿ ಕೊಡಲು ಹೋದಾಗ ನಮ್ಮವರ ತಲೆ, ಕೆನ್ನೆ, ಹೊಟ್ಟೆ ಎಲ್ಲ ಎಂಜಿನ್ನಿನ ಜೊತೆ ಕುಣಿಯುತ್ತಿದ್ದವು. ಕಾಫಿ ಲೋಟದಿಂದ ಬಾಯಿಗೆ ಹೋದದ್ದು ಅರ್ಧ, ಅಂಗಿಗೆ ಹೋದದ್ದು ಅರ್ಧ.

"ತು-ತು-ತುಂಗಾ, ಹೊ-ಹೊಗೆ ಕಪ್ಪಾಗ್ತಾ ಉಂಟು" ಎಂದರು.

"ಯಾಕೆ?"

"ಸ-ಸಣ್ಣ ಉರಿಯಲ್ಲಿ ಬಹಳ ಹೊತ್ತು ಇಟ್ಟರೆ ತ-ತಳ ಹಿಡಿಯುದಿಲ್ವಾ ಪಾಯಸ? ಹಾಗೆ." ಆಗಾಗ ಕಾಲೊತ್ತಿ ಉರಿ ಸ್ವಲ್ಪ ಏರಿಸಿ ತಳ ಬಿಡಿಸುತ್ತಿದ್ದರು. ಪ್ರತಿ ಸಲ ಬಿಡಿಸಿದಾಗಲೂ ಗೋದಾಬಾಯಿಯ ಮಹಡಿಯ ಕಡೆಗೆ ಒಂದು ಕರಿಯ ಮೋಡ ಹೋಗುತ್ತಿತ್ತು. ಅವರು ಕೈಮುಗಿಯುತ್ತಿದ್ದರು.

ಮಾವ ಮಾತ್ರ ಬಾಗಿಲಲ್ಲಿ ನಿಂತು ಗಡ್ಡ ತುರಿಸಿಕೊಂಡರು. "ಸದಾನಂದ, ನಿಂಗೆ ಇದು ನಿಲ್ಲಿಸಲಿಕ್ಕೆ ಬರ್ತದಲ್ವಾ? ಇಲ್ಲದಿದ್ರೆ ಈಗಲೇ ಹೇಳು. ಐತಪ್ಪನಿಗೆ ಹೇಳಿ ಕಳಿಸ್ತೇನೆ."

"ಬ-ಬರ್ತದೆ ಮಾವ. ಗಿಂಡಿಯಲ್ಲಿ ನೋಡಿ" ಎಂದರು ನಮ್ಮವರು. ಹಾಗೆ ಯಾಕೆ ಹೇಳಿದರೆಂದು ಅವರಿಗೂ ಗೊತ್ತಿರಲಿಲ್ಲ.

ಅನ್ನ, ಸಾಂಬಾರು, ಸಾರು, ಪಲ್ಯ, ಹಪ್ಪಳ, ಶ್ಯಾವಿಗೆ ಪಾಯಸ ಎಲ್ಲವನ್ನೂ ಹಿಂದಿನ ತೊಟ್ಟಿಯಲ್ಲಿಟ್ಟು, ಅವುಗಳ ನಡುವೆ ಮಾವನನ್ನೂ ಇಟ್ಟೆವು. ಮುಂದೆ ಮುಡಿಪಿನ ಕಾವಲಿಗೆ ಅತ್ತೆ ನಡುವೆ, ಪಾಯಸದ ಚಿಕ್ಕ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ನಾನು ಅಂಚಿಗೆ. ಗುಂಡುಕಲ್ಲು ತೆಗೆದ ಕೂಡಲೇ ಬೀದಿಯವರು ಗೋವಿಂದಾ ಎಂದರು. ನಾವು ಗಿಂಡಿಗೋ ವೈಕುಂಠಕ್ಕೋ ಎಂದು ಒಂದು ಕ್ಷಣ ನನಗೂ ಅನುಮಾನವಾಯಿತು.

ಸೈದಾಪೇಟೆ ದಾಟುವಾಗ ನಮ್ಮವರು ಒಂದು ಗಲ್ಲಿಯ ಕಡೆಗೆ ಕಣ್ಣು ಮಾಡಿದರು. ಹಸಿರು ಬಾಗಿಲಿನ ಒಂದು ಪುಟ್ಟ ಮನೆ. ಇಟ್ಟಿಗೆಯ ಗೋಡೆ ದಪ್ಪಗೆ ಕಾಣುತ್ತಿತ್ತು.

"ಎಂತ ನೋಡುದು ಇಬ್ಬರೂ?" ಎಂದರು ಅತ್ತೆ.

"ಏನಿಲ್ಲ ಅತ್ತೆ."

ಕಾರ್ಖಾನೆಯ ಗೇಟಿನಲ್ಲಿ ಕ್ಯಾಂಟೀನ್ ಆಫೀಸರು ತಿರುಮಲಾಚಾರ್ಯರು ಕೈಗಡಿಯಾರ ನೋಡುತ್ತ ನಿಂತಿದ್ದರು. ಮೈಸೂರು ಕಡೆಯವರು, ಹಪ್ಪಳದಷ್ಟು ತೆಳ್ಳಗೆ. ಅವರ ಹಿಂದೆ ಊಟದ ಗಂಟೆ ಹೊಡೆದು ಕಾರ್ಮಿಕರು ಕೈತೊಳೆದು ಸಾಲು ನಿಂತಿದ್ದರು.

"ಬಂದ್ರಾ? ಸರಿ. ಎಂಜಿನ್ ಆರಿಸಿ, ತಳ್ಕೊಂಡು ಒಳಗೆ ಬನ್ನಿ" ಎಂದರು.

"ಅಂದರೆ?"

"ಇಲ್ಲಿ ಬಣ್ಣದ ಗೋಡೌನಿದೆ ಕಣ್ರೀ. ಓಡೋ ಎಂಜಿನ್ನು ಗೇಟಿನೊಳಗೆ ಬರಕೂಡ್ದು. ಬೋರ್ಡ್ ಕಾಣ್ಸಲ್ವಾ?"

ನಮ್ಮವರು ಬೋರ್ಡು ನೋಡಿದರು. ಅದರಲ್ಲಿ ಮೂರು ಭಾಷೆಯಲ್ಲಿ ಅವರ ದುರದೃಷ್ಟ ಬರೆದಿತ್ತು. "ಸಾರ್, ಡೀಸೆಲ್ ಅಂದರೆ ಬಾಯ್ಲರ್ ಇದ್ದ ಹಾಗೆ..."

"ಆರಿಸ್ರೀ ಅಂದ್ರೆ."

ನಮ್ಮವರು ಬೀಗದ ಕೈ ತಿರುಗಿಸಿ, ತೆಗೆದು, ಎತ್ತಿ ತೋರಿಸಿದರು. ದಡದಡದಡ.

"ಏನ್ರೀ, ತಮಾಷೆ ಮಾಡ್ತಿದೀರಾ? ಕೀ ಕೈಲಿ ಹಿಡ್ಕೊಂಡು ಎಂಜಿನ್ ಓಡಿಸ್ತೀರಾ? ಸರ್ಕಸ್ಸಾ ಇದು?" ಆಚಾರ್ಯರ ಮೂಗಿನ ತುದಿ ಕೆಂಪಾಯಿತು. "ನಿಲ್ಸೋಕೆ ಬರ್ದೇ ಇರೋರಿಗೆ ನಾನು ಇಷ್ಟು ಜನರ ಊಟ ಒಪ್ಪಿಸ್ಲಾ? ಒಂದು ನಿಮಿಷ ನೋಡ್ತೀನಿ. ಇಲ್ದಿದ್ರೆ ಹಾಗೇ ವಾಪಸ್ಸು ಹೋಗಿ."

ಹಿಂದಿನ ತೊಟ್ಟಿಯಲ್ಲಿ ಸಾಂಬಾರಿನ ಪಾತ್ರೆಯ ಮೇಲಿಂದ ಮಾವನ ತಲೆ ಎದ್ದಿತು. "ಸದಾನಂದ! ನಿಂಗೆ ಗೊತ್ತಿಲ್ವಾ ಹಾಗಾದರೆ? ಐತಪ್ಪನಿಗೆ..."

ನಮ್ಮವರು ನನ್ನನ್ನು ನೋಡಿದರು. ಆ ಮುಖದಲ್ಲಿ ಹಸಿರು ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಬಾಯಿ ತೆರೆದರು. ನಿಜ ಹೇಳುವವರಿದ್ದರು ಎಂದೇ ನನ್ನ ನಂಬಿಕೆ. ಅಭ್ಯಾಸವಿಲ್ಲದ್ದರಿಂದ ಮಾತು ಹೊರಗೆ ಬರಲು ತಡವಾಯಿತು.

ಅಷ್ಟರಲ್ಲಿ ಅತ್ತೆಗೆ ಸಿಟ್ಟು ಬಂತು. ಅತ್ತೆಯ ಸಿಟ್ಟು ಆಚಾರ್ಯರ ಮೇಲಲ್ಲ, ನಮ್ಮವರ ಮೇಲೂ ಅಲ್ಲ. ನೇರ ತಿಮ್ಮಪ್ಪನ ಮೇಲೆ. ದೇವರ ಹತ್ತಿರ ಅತ್ತೆ ಮಾತಾಡುವ ಕ್ರಮ, ತರಕಾರಿಯವನ ಹತ್ತಿರ ಮಾತಾಡುವ ಕ್ರಮ, ಎರಡೂ ಒಂದೇ. ಎರಡೂ ಕೈಯಲ್ಲಿ ಮುಡಿಪಿನ ಗಂಟನ್ನು ಹಿಡಿದುಕೊಂಡರು.

"ಏನೋ ತಿಮ್ಮಪ್ಪಾ! ಕಾಣಿಕೆ ಕಟ್ಟಿದ್ದು ಯಾಕೆ? ಇಲ್ಲಿ ಜನ ಹಸಿದು ನಿಂತಿದ್ದಾರೆ, ಸಾರು ಆರ್ತಾ ಉಂಟು, ನೀನು ನಿನ್ನೆಯಿಂದ ದಡದಡ ಅಂತ ಆಟ ಆಡುದಾ? ನಿಂಗೆ ಕಿವಿ ಕೇಳುದಿಲ್ವಾ?" ಎಂದು, ಕಿವುಡರ ಶಲ್ಯ ಹಿಡಿದು ಎಳೆಯುವ ಹಾಗೆ, ಜೋರಾಗಿ ಒಂದು ಸಲ ಎಳೆದರು.

ಕರಿಯ ಹಿಡಿ ಮುಡಿಪಿನ ಜೊತೆಗೇ ಗೇಣುದ್ದ ಹೊರಗೆ ಬಂತು.

ದಡದಡ. ದಡ. ದಡ್.

ಗಿಂಡಿಯಲ್ಲಿ ಅಷ್ಟೊಂದು ಕಾಗೆಗಳಿವೆಯೆಂದು ನನಗೆ ಆಗ ಗೊತ್ತಾಯಿತು. ನಿನ್ನೆ ಬೆಳಿಗ್ಗೆಯಿಂದ ಮೊದಲ ಸಲ ಬೇರೆ ಸದ್ದು ಕೇಳಿಸಿದ್ದು. ನಮ್ಮವರ ಕೆನ್ನೆ ಮಾತ್ರ ಅಭ್ಯಾಸಬಲದಿಂದ ಇನ್ನೂ ಸ್ವಲ್ಪ ಹೊತ್ತು ಕುಣಿಯಿತು.

"ಗೋವಿಂದಾ" ಎಂದರು ಮಾವ, ತೊಟ್ಟಿಯಲ್ಲೇ ನಿಂತು. ಸಾಲಿನಲ್ಲಿದ್ದ ಕಾರ್ಮಿಕರು, ಯಾಕೆಂದು ತಿಳಿಯದಿದ್ದರೂ, ಊಟ ಬಂದ ಖುಷಿಗೆ "ಗೋವಿಂದಾ, ಗೋವಿಂದಾ" ಎಂದು ವ್ಯಾನನ್ನು ಒಳಗೆ ತಳ್ಳಿಕೊಂಡು ಹೋದರು. ಆಚಾರ್ಯರು ಕನ್ನಡಕದ ಮೇಲಿಂದ ಅರಿಸಿನದ ಗಂಟನ್ನು ನೋಡಿ, ತಮಗೇ ಅರಿವಿಲ್ಲದೆ ಕೆನ್ನೆಗೆ ಬಡಿದುಕೊಂಡರು. ಅವರ ಮನೆದೇವರೂ ತಿಮ್ಮಪ್ಪನೇ.

ಊಟ ಬಿಸಿಯಾಗಿತ್ತು. ಆಚಾರ್ಯರು ಎರಡನೆಯ ಸಲ ಸಾರು ಹಾಕಿಸಿಕೊಂಡು, ಪಾಯಸಕ್ಕೆ ಬಂದಾಗ ಹೂಂ ಎಂದರು. ಕ್ಯಾಂಟೀನ್ ನಮ್ಮದಾಯಿತು. ಮಾವ ನಮ್ಮವರ ಬೆನ್ನು ತಟ್ಟಿ, "ಗಿಂಡಿಯಲ್ಲಿ ನೋಡಿ ಅಂತ ಬೆಳಿಗ್ಗೆಯೇ ಹೇಳಿದ್ದೆಯಲ್ಲ ಮಾರಾಯ!" ಎಂದರು. ನಮ್ಮವರು ವಿನಯದಿಂದ ತಲೆ ತಗ್ಗಿಸಿದರು. ವಿನಯ ಅವರಿಗೆ ಚೆನ್ನಾಗಿ ಒಪ್ಪುತ್ತಿತ್ತು, ಹೊಸ ಅಂಗಿಯ ಹಾಗೆ.

ಹೊರಡುವಾಗ ವ್ಯಾನು ಹೊರಡಲಿಲ್ಲ. ನಮ್ಮವರು ಬೀಗದ ಕೈ ತಿರುಗಿಸಿದರು. ಎಂಜಿನ್ನು ಮುದುಕರ ಹಾಗೆ ಕೆಮ್ಮಿ ಸುಮ್ಮನಾಯಿತು. ಕಾರ್ಮಿಕರು ಗೇಟಿನ ಹೊರಗೆ ತ್ರಿಚಿ ರಸ್ತೆಯ ಕಡೆಗೆ ತಳ್ಳಿದರು. ಮತ್ತೆ ಇತ್ತ ಕಡೆಗೆ ತಳ್ಳಿದರು. ಉಂಡ ಊಟವೆಲ್ಲ ಅರಗಿತು. ನಿಲ್ಲು ಎಂದು ಒಂದು ದಿನ ಬೇಡಿಕೊಂಡ ನಮ್ಮವರು ಈಗ ಸ್ಟೇರಿಂಗಿಗೆ ಹಣೆ ಹಚ್ಚಿ ಓಡು ಎಂದು ಬೇಡಿಕೊಳ್ಳುತ್ತಿದ್ದರು.

"ಅಯ್ಯೋ, ಮುಡಿಪು ಹೀಗೆ ಹೊರಗೆ ಜೋತಾಡ್ತಾ ಉಂಟಲ್ಲ! ಯಾರ ಕಾಲಾದರೂ ತಾಗಿದರೆ?" ಎಂದು ಅತ್ತೆ ಗಂಟನ್ನು ಹಿಡಿದು, ಹಿಡಿಯ ಸಮೇತ, ಮೊದಲಿದ್ದಲ್ಲಿಗೆ ತಳ್ಳಿದರು. "ಸರಿಯಾಗಿ ಕೂತುಕೋ ತಿಮ್ಮಪ್ಪಾ. ಮನೆಗೆ ಹೋಗುವ."

ಹಿಂದಿನಿಂದ ಜನ ಇನ್ನೊಮ್ಮೆ ತಳ್ಳಿದರು. ದಡದಡದಡ.

ನಾನು ಪಾಯಸದ ಖಾಲಿ ಪಾತ್ರೆ ತಬ್ಬಿಕೊಂಡು ಆ ಕರಿಯ ಹಿಡಿಯನ್ನೇ ನೋಡುತ್ತಿದ್ದೆ. ನಮ್ಮವರು ಅತ್ತೆಯನ್ನು ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. "ಅತ್ತೆ, ನೀವು ಇಲ್ಲದೆ ಈ ವ್ಯಾನು ನಡೆಯುದಿಲ್ಲ" ಎಂದುಬಿಟ್ಟರು.

ಈ ಜಗತ್ತಿನಲ್ಲಿ ಅವರು ಆಡಿದ ಎಲ್ಲ ಮಾತುಗಳಲ್ಲಿ ಅದೊಂದು ಆಡದಿದ್ದರೆ ಚೆನ್ನಾಗಿತ್ತು.

ಸೈದಾಪೇಟೆಯ ಮನೆಗೆ ಹಾಲುಕ್ಕಿಸಿ ಹೋದೆವು. ಗೋಡೆ ನಿಜವಾಗಿಯೂ ಇಟ್ಟಿಗೆಯದೇ. ಮೊದಲ ದಿನ ನಾನು ಸುಮ್ಮಸುಮ್ಮನೆ ಒಂದು ಸಲ ಸೀನಿ ನೋಡಿದೆ. ಯಾರೂ ಕಷಾಯ ಹೇಳಲಿಲ್ಲ. ನಮ್ಮವರು ಬೆಳಿಗ್ಗೆ ಬಸ್ಸಿನಲ್ಲಿ ಟಿ. ನಗರಕ್ಕೆ ಹೋಗಿ, ಊಟ ತುಂಬಿಸಿಕೊಂಡು, ಗಿಂಡಿಗೆ ಹೋಗುವ ದಾರಿಯಲ್ಲಿ ಮನೆಯ ಮುಂದೆ ಬಂದರು. ವ್ಯಾನಿನ ದಡದಡ ಕೇಳಿ ನಾನು ನಗುತ್ತ ಬಾಗಿಲು ತೆರೆದೆ.

"ನಿಲ್ಲು ತಿಮ್ಮಪ್ಪಾ!" ಎಂಬ ಧ್ವನಿ ಬಂತು. ವ್ಯಾನು ನಿಂತಿತು. ಅತ್ತೆ ಇಳಿದರು. ನೇರ ನನ್ನ ಅಡುಗೆಮನೆಗೆ ಬಂದು, ಸಾರಿನ ಮುಚ್ಚಳ ತೆಗೆದು ಮೂಸಿ, "ಹುಳಿ ಜಾಸ್ತಿ" ಎಂದರು.

ಮರುದಿನವೂ ಬಂದರು. ಅದರ ಮರುದಿನವೂ. ಅತ್ತೆ ಬಸ್ಸಿನಲ್ಲಿ ತಿರುಪತಿಗೆ ಹೋಗಿ ಮುಡಿಪು ಒಪ್ಪಿಸಿ ಬಂದು, ಅದೇ ಜಾಗದಲ್ಲಿ ಹೊಸ ಮುಡಿಪು ಕಟ್ಟಿದರು. ಈ ಸಲದ ಹರಕೆ, ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಬೇಕೆಂದು. ಟಿ. ನಗರದಲ್ಲಿ ಮಾವ ಹಾಡು ಗುನುಗತೊಡಗಿದ್ದಾರೆಂದು ಸುದ್ದಿ.

ಒಂದು ಭಾನುವಾರ, ಹಿಂದಿನ ದಿನ ಅತ್ತೆ ನಿಲ್ಲಿಸಿ ಹೋಗಿದ್ದ ವ್ಯಾನನ್ನು ನಮ್ಮವರು ಮನೆಯ ಮುಂದೆ ತೊಳೆಯುತ್ತಿದ್ದಾಗ, ನಾನು ಅವರನ್ನು ಒಳಗೆ ಕೂರಿಸಿ ಎಂಜಿನ್ನು ಹೊರಡಿಸಲು ಹೇಳಿದೆ. ಹಿಡಿಯನ್ನು ಎಳೆದು ತೋರಿಸಿದೆ: ನಿಂತಿತು. ಒಳಗೆ ತಳ್ಳಿ ಹೊರಡಿಸಲು ಹೇಳಿದೆ: ಹೊರಟಿತು. ಇನ್ನೊಮ್ಮೆ ಎಳೆದೆ: ನಿಂತಿತು.

ನಮ್ಮವರು ಆ ಹಿಡಿಯನ್ನು ತಾವೂ ಒಮ್ಮೆ ತಳ್ಳಿ, ಎಳೆದು ನೋಡಿದರು.

"ತೆರಿಯುಂ" ಎಂದರು ಕೊನೆಗೆ. "ಅದು ನಂಗೆ ಮೊದಲೇ ಗೊತ್ತಿತ್ತು."

"ಹಾಗಾದರೆ ನಾಳೆಯಿಂದ ಅತ್ತೆಗೆ ಬರುವ ತೊಂದರೆ ಇಲ್ಲ ಅಂತ ಹೇಳಿ."

ಅವರು ನನ್ನ ಮುಖ ನೋಡಿದರು. ಅತ್ತೆ ಪೊಲೀಸಿನವನ ಚಪ್ಪಲಿ ಬಿಡಿಸಿದ್ದು, ಆಚಾರ್ಯರ ಕೆನ್ನೆ ಬಡಿಸಿದ್ದು ಎಲ್ಲ ಅವರ ಕಣ್ಣ ಮುಂದೆ ಬಂದಿರಬೇಕು. "ನೀನೇ ಹೇಳು" ಎಂದರು.

ಮರುದಿನ ಹೇಳಿಯೇ ಬಿಡುತ್ತೇನೆಂದು ಬಾಗಿಲಲ್ಲಿ ನಿಂತೆ. ಗಲ್ಲಿಯ ತುದಿಯಲ್ಲಿ ದಡದಡ ಕೇಳಿತು. ವ್ಯಾನು ಬಂತು. ಅತ್ತೆ ಒಳಗಿನಿಂದ, ಮಗುವನ್ನು ಮಲಗಿಸುವ ಸ್ವರದಲ್ಲಿ, "ನಿಲ್ಲು ತಿಮ್ಮಪ್ಪಾ, ಸಾಕು" ಎಂದರು. ಅದು ನಿಂತಿತು. ಎದುರುಮನೆಯ ಮುದುಕಿಯೊಬ್ಬಳು ಆಗಲೇ ಹೊಸ್ತಿಲಲ್ಲಿ ಕೈಮುಗಿದು ನಿಂತಿದ್ದಳು.

"ಎಂತ ತುಂಗಾ, ಬಾಗಿಲಲ್ಲೇ ನಿಂತಿದ್ದೀಯಲ್ಲ? ಏನಾದರೂ ಹೇಳಲಿಕ್ಕುಂಟಾ?"

"ಇಲ್ಲ ಅತ್ತೆ" ಎಂದು ಒಳಗೆ ಹೋಗಿ, ಫಿಲ್ಟರಿಗೆ ಇನ್ನೊಂದು ಚಮಚ ಕಾಫಿಪುಡಿ ಹಾಕಿದೆ.